ಟವೆಲು ಸುತ್ತಿದರೆ ಕನ್ಸೋಲ್ ರಿಪೇರಿಯಾದೀತೇ?

ಮೈಕ್ರೋಸಾಫ್ಟ್ ಕಂಪನಿಯ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್ 360 ಅಮೆರಿಕದ ಅಂಗಡಿಗಳಿಗೆ ಬಂದದ್ದು 2005ರ ನವೆಂಬರಿನಲ್ಲಿ. ಅದರ ಪವರ್ ಬಟನ್ ಸುತ್ತ ನಾಲ್ಕು ಭಾಗಗಳ ಬೆಳಕಿನ ಬಳೆಯೊಂದಿತ್ತು. ಎಲ್ಲ ಸರಿಯಿದ್ದರೆ ಹಸಿರು. ನಾಲ್ಕೂ ಭಾಗ ಕೆಂಪಾದರೆ ಟಿವಿಯ ಕೇಬಲ್ ಸರಿಯಾಗಿ ಕೂತಿಲ್ಲ. ಎರಡು ಕೆಂಪಾದರೆ ಯಂತ್ರ ಅತಿಯಾಗಿ ಕಾದಿದೆ, ಆರಲು ಬಿಡಬೇಕು. ಮೂರು ಕೆಂಪಾದವೋ, ಒಳಗಿನ ಹಾರ್ಡ್‌ವೇರೇ ಕೈಕೊಟ್ಟಿದೆ. ಆಟಗಾರರು ಅದನ್ನು ‘ರೆಡ್ ರಿಂಗ್ ಆಫ್ ಡೆತ್’ ಎಂದು ಕರೆದರು. ದೂರುಗಳು ಎಷ್ಟು ಬಂದವೆಂದರೆ, 2007ರ ಜುಲೈನಲ್ಲಿ ಕಂಪನಿ ಈ ದೋಷದ ವಾರಂಟಿಯನ್ನು 3 ವರ್ಷಕ್ಕೆ ಹಿಗ್ಗಿಸಿ, ಅದಕ್ಕೆಂದೇ 100 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಡಬೇಕಾಯಿತು.

ರಿಪೇರಿಗೆ ಕಾಯಲಾರದವರ ನಡುವೆ ಒಂದು ಮನೆಮದ್ದು ಹಬ್ಬಿತು. ಕನ್ಸೋಲಿಗೆ ಟವೆಲು ಸುತ್ತಿ ಆನ್ ಮಾಡಿಡುವುದು. ಗಾಳಿಯಾಡದೆ ಯಂತ್ರ ಕಾಯುತ್ತದೆ. ಆರಿದ ಮೇಲೆ ಮತ್ತೆ ಆನ್ ಮಾಡಿದರೆ ಕೆಲವೊಮ್ಮೆ ಹಸಿರು ದೀಪ! ಕೆಲವು ದಿನ ಆಟ ನಡೆಯುತ್ತಿತ್ತು, ಆಮೇಲೆ ಮತ್ತದೇ ಮೂರು ಕೆಂಪು. ಬಿಸಿಯಿಂದ ಕೆಟ್ಟದ್ದು ಬಿಸಿಯಿಂದಲೇ ಎದ್ದು ಕೂರುವುದು ಹೇಗೆ?

ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಚಿಪ್ ಸಿಲಿಕಾನಿನದು. ಅದು ಕೂತಿರುವುದು ಅದೇ ಬಿಡಿಭಾಗದೊಳಗಿನ, ತಾಮ್ರದ ಗೆರೆಗಳಿರುವ ರಾಳದ ಪುಟ್ಟ ಹಲಗೆಯ ಮೇಲೆ. ಎರಡರ ನಡುವೆ ತೀರಾ ಸಣ್ಣ ಬೆಸುಗೆಯ ಗುಂಡುಗಳು ಸಾಲುಸಾಲಾಗಿವೆ. ವಿದ್ಯುತ್ತೂ ಮಾಹಿತಿಯೂ ಅವುಗಳ ಮೂಲಕವೇ ಹಾಯಬೇಕು. ಉಷ್ಣತೆ 1 ಡಿಗ್ರಿ ಏರಿದರೆ ಸಿಲಿಕಾನ್ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 3 ಪಾಲು ಹಿಗ್ಗುತ್ತದೆ. ತಾಮ್ರ ಹಿಗ್ಗುವುದು ಸುಮಾರು 17 ಪಾಲು. ಹಲಗೆಯದೂ ಹೆಚ್ಚುಕಮ್ಮಿ ಅಷ್ಟೇ. 15 ಮಿಲಿಮೀಟರ್ ಅಗಲದ ಚಿಪ್ 60 ಡಿಗ್ರಿ ಬಿಸಿಯೇರಿತು ಎನ್ನಿ. ಅಂಚಿನಲ್ಲಿರುವ ಗುಂಡಿನ ತಲೆಗೂ ಬುಡಕ್ಕೂ ನಡುವೆ ಸುಮಾರು 6 ಮೈಕ್ರಾನ್ ಎಳೆದಾಟ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 6 ಭಾಗ. ಈ ಎಳೆತದ ಬಹುಪಾಲನ್ನು ತಡೆದುಕೊಳ್ಳಲೆಂದೇ ಚಿಪ್ಪಿನಡಿ ವಿಶೇಷ ಅಂಟು ತುಂಬಿರುತ್ತಾರೆ. ಆದರೂ ಆಟ ಶುರುವಾದಾಗ ಹಿಗ್ಗು, ಮುಗಿದಾಗ ಕುಗ್ಗು, ಪ್ರತಿದಿನ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಕೊನೆಗೊಮ್ಮೆ ತುಂಡಾಗುವಂತೆ ಬೆಸುಗೆಯೂ ದಣಿದು ಬಿರುಕುಬಿಡುತ್ತದೆ.

ಆಗ ಅನುಮಾನ ಹೊತ್ತದ್ದು ಸೀಸ ಬಿಟ್ಟ ಹೊಸ ಬೆಸುಗೆ. ಸೀಸ ವಿಷವೆಂದು ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿತ್ತು. ಚಿಪ್ಪಿಗೂ ಬೋರ್ಡಿಗೂ ನಡುವಿನ ಬೆಸುಗೆ ಮತ್ತೆ ಕರಗಿದರೆ ಸಾಕು, ಬಿರುಕು ಮುಚ್ಚುತ್ತದೆ ಎಂದು ನಂಬಿ ಹೀಟ್ ಗನ್ ಹಿಡಿದವರೂ ಇದ್ದರು. ಆದರೆ ಸೀಸ ಬೆರೆತ ಬೆಸುಗೆ ಕರಗುವುದು 183 ಡಿಗ್ರಿಯಲ್ಲಿ, ಸೀಸವಿಲ್ಲದ್ದು ಸುಮಾರು 217 ಡಿಗ್ರಿಯಲ್ಲಿ. ಟವೆಲಿನೊಳಗಿನ ಕನ್ಸೋಲ್ ತನ್ನದೇ ಬಿಸಿಯಿಂದ ಅಲ್ಲಿಗೆ ಮುಟ್ಟುವ ಮಾತೇ ಇಲ್ಲ. 2021ರಲ್ಲಿ ಬಂದ ‘ಪವರ್ ಆನ್’ ಸಾಕ್ಷ್ಯಚಿತ್ರದಲ್ಲಿ ಮೈಕ್ರೋಸಾಫ್ಟ್‌ನವರೇ ವಿವರಿಸಿದಂತೆ, ಯಂತ್ರ ಆನ್ ಆಗುವಾಗ ಆಫ್ ಆಗುವಾಗ ಏರಿಳಿಯುವ ಉಷ್ಣತೆಗೆ ಮುರಿಯುತ್ತಿದ್ದದ್ದು ಬಿಡಿಭಾಗದ ಒಳಗಿನ ಸಂಪರ್ಕಗಳು. ಟವೆಲಿನ ಬಿಸಿಗೆ ಕರಗಿದ್ದು ಏನೂ ಇಲ್ಲ. ಹಿಗ್ಗಿದ ಭಾಗಗಳು ಜರುಗಿ ಬಿರುಕಿನ ಎರಡು ತುಟಿಗಳು ತಾತ್ಕಾಲಿಕವಾಗಿ ತಾಗಿಕೊಂಡವು, ಅಷ್ಟೆ. ಮುಂದಿನ ಹಿಗ್ಗು-ಕುಗ್ಗಿಗೆ ಅದೇ ಬಿರುಕು ಮತ್ತೆ ಬಾಯಿ ತೆರೆಯುತ್ತಿತ್ತು. ಮುಚ್ಚಿಟ್ಟು ಕಾಯಿಸಿದ್ದರಿಂದ ಉಳಿದ ಭಾಗಗಳ ಆಯುಸ್ಸೂ ಸವೆದದ್ದು ಬೇರೆ.

ಇದರಿಂದ ಮನೆಯಲ್ಲಿ ಏನು ಮಾಡಬಹುದು ಎಂಬುದೂ ಹೊಳೆಯುತ್ತದೆ. ಚಿಪ್ಪಿನ ಉಷ್ಣತೆ ಏರುವುದು ಕಡಿಮೆಯಾದಷ್ಟೂ ಎಳೆದಾಟ ಕಡಿಮೆ. ಕನ್ಸೋಲನ್ನು ಬಾಗಿಲಿರುವ ಟಿವಿ ಶೋಕೇಸಿನೊಳಗೆ ತುರುಕಬೇಡಿ. ಫ್ಯಾನಿನ ಸದ್ದು ದಿನೇ ದಿನೇ ಜೋರಾಗುತ್ತಿದ್ದರೆ ಬಿಸಿ ಹೊರಹಾಕುವ ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಗಡ್ಡೆಕಟ್ಟಿರಬಹುದು, ಇಲ್ಲವೇ ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಹೊರಗಿನ ಕಿಂಡಿಗಳ ಧೂಳನ್ನು ಪ್ಲಗ್ ಕಿತ್ತು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಪ್ಲೇಸ್ಟೇಷನ್ 5ರಲ್ಲಿ ಪೇಸ್ಟಿನ ಬದಲು ದ್ರವಲೋಹವಿದೆ. ಅದು ವಿದ್ಯುತ್ತನ್ನೂ ಹರಿಸುತ್ತದೆ. ಅಭ್ಯಾಸವಿಲ್ಲದವರು ಹೀಟ್‌ಸಿಂಕ್ ಕಳಚಿದಾಗ ಒಂದು ಹನಿ ಆಚೀಚೆ ಜಾರಿದರೂ ಬೋರ್ಡ್ ಸುಟ್ಟೀತು.

ಕೆಟ್ಟೇಹೋಯಿತು ಎನ್ನುವ ಮೊದಲು ಸುಲಭದ್ದನ್ನು ನೋಡಿ. ಬೇರೆ ಸಾಕೆಟ್, ಬೇರೆ ಎಚ್‌ಡಿಎಂಐ ಕೇಬಲ್, ಟಿವಿಯ ಬೇರೆ ಪೋರ್ಟ್. ವಿದೇಶದಿಂದ ಬಂಧುಗಳು ತಂದ ಯಂತ್ರವಾದರೆ ವೋಲ್ಟೇಜಿನ ಲೇಬಲ್ ಓದಿ. ಅಮೆರಿಕದ ಎಕ್ಸ್‌ಬಾಕ್ಸ್ 360ರ ಅಡಾಪ್ಟರ್ 127 ವೋಲ್ಟಿಗಿಂತ ಹೆಚ್ಚಿಗೆ ಮಾಡಿದ್ದಲ್ಲ. ನಮ್ಮ 230 ವೋಲ್ಟ್ ಅದಕ್ಕೆ ಮಾರಕ. ವಾರಂಟಿ ಇದ್ದರೆ ಸ್ಕ್ರೂಗೆ ಕೈಹಚ್ಚಬೇಡಿ. ಯಂತ್ರ ಆಗೊಮ್ಮೆ ಈಗೊಮ್ಮೆ ಆನ್ ಆಗುತ್ತಿದ್ದರೆ, ಆ ಹೊತ್ತಿನಲ್ಲಿ ಆಡಲು ಕೂರದೆ ಮಕ್ಕಳ ಸೇವ್ ಫೈಲುಗಳನ್ನು ಕ್ಲೌಡಿಗೋ ಪೆನ್‌ಡ್ರೈವಿಗೋ ನಕಲು ಮಾಡಿಕೊಳ್ಳಿ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ‘ಚಿಪ್ ಲೆವೆಲ್ ಸರ್ವಿಸ್’ ಎಂಬ ಬೋರ್ಡುಗಳು ಕಾಣುತ್ತವೆ. ಅಲ್ಲಿಗೆ ಹೋದರೆ ಕೇಳಬೇಕಾದ ಪ್ರಶ್ನೆ: ಚಿಪ್ಪನ್ನು ಬರೀ ಕಾಯಿಸುತ್ತೀರೋ, ಬದಲಿಸುತ್ತೀರೋ? ಚಿಪ್ಪಿಗೂ ಬೋರ್ಡಿಗೂ ನಡುವಿನ ಬೆಸುಗೆ ಒಡೆದಿದ್ದರೆ ಹೊಸ ಗುಂಡು ಕೂರಿಸುವ ರಿಬಾಲಿಂಗ್ ಫಲ ಕೊಡುತ್ತದೆ. ಬಿರುಕು ಚಿಪ್ಪಿನ ಒಳಗಿದ್ದರೆ ಚಿಪ್ಪನ್ನೇ ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ಕನ್ಸೋಲ್ ಕೊಳ್ಳುವವರಿಗೂ ಇದೇ ವಿಜ್ಞಾನ ಆಸರೆ. ಈಗಷ್ಟೇ ಕಾಯಿಸಿ ಎಬ್ಬಿಸಿದ ಯಂತ್ರವೂ ಅಂಗಡಿಯಲ್ಲಿ ಚೆನ್ನಾಗಿಯೇ ಓಡೀತು. ಹಾಗಾಗಿ ಭಾರವಾದ ಆಟವೊಂದನ್ನು ಒಂದು ಗಂಟೆ ಓಡಿಸಿ, ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಆನ್ ಮಾಡಿ. ಎರಡು ಮೂರು ಸಲ ಹೀಗೆ ಪರೀಕ್ಷಿಸಲು ಒಪ್ಪದ ವ್ಯಾಪಾರಿಗೆ ದುಡ್ಡು ಕೊಡಬೇಡಿ.