ತಲಕಾವೇರಿಗೆ ಹೊರಟಿರಾ? ಮೊದಲು ಗಂಟೆ ನೋಡಿ!

ಭಾಗಮಂಡಲ: ತುಲಾ ಸಂಕ್ರಮಣ ಹತ್ತಿರ ಬಂತೆಂದರೆ ಕೊಡಗಿನ ಅಂಗಡಿ ಕಟ್ಟೆಗಳಲ್ಲಿ ಒಂದೇ ಪ್ರಶ್ನೆ - "ಈ ಸಲ ತೀರ್ಥ ಎಷ್ಟು ಗಂಟೆಗಂತೆ?"

ದಿನ ಎಲ್ಲರಿಗೂ ಗೊತ್ತು. ಅಕ್ಟೋಬರ್ 17, ತಪ್ಪಿದರೆ 18. ಗಂಟೆ ಮಾತ್ರ ವರ್ಷಕ್ಕೊಂದು! 2021ರಲ್ಲಿ ಕಾವೇರಮ್ಮ ಕುಂಡಿಕೆಯಲ್ಲಿ ಉಕ್ಕಿದ್ದು ಮಧ್ಯಾಹ್ನ ಒಂದು ದಾಟಿದ ಮೇಲೆ. ಮರುವರ್ಷ ಸಂಜೆ ಏಳರ ಮೇಲೆ. 2023ರಲ್ಲಿ ರಾತ್ರಿ ಒಂದೂವರೆಯ ಸುಮಾರಿಗೆ. 2024ರಲ್ಲಿ ಬೆಳಿಗ್ಗೆ ಏಳೂವರೆ ಕಳೆದು. 2025ರಲ್ಲಿ ತಿರುಗಿ ಮಧ್ಯಾಹ್ನ.

ಇದರ ಗುಟ್ಟು ಸುಲಭ. ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಯೇ ತೀರ್ಥೋದ್ಭವದ ಗಳಿಗೆ. ವರ್ಷ ಎಂಬುದು ಸರಿಯಾಗಿ 365 ದಿನಕ್ಕೆ ಮುಗಿಯೋದಿಲ್ಲ. ಮೇಲೆ ಆರು ಗಂಟೆ ಚಿಲ್ಲರೆ ಉಳಿಯುತ್ತೆ. ಆ ಬಾಕಿ ಮುಂದಿನ ವರ್ಷದ ಖಾತೆಗೆ. ಹೋದ ವರ್ಷದ ಗಂಟೆಗೆ ಆರು ಕೂಡಿಸಿ - ನಿಮ್ಮ ಅಂದಾಜು ಸಿದ್ಧ. ನಿಖರ ಗಳಿಗೆಗೆ ಪಂಚಾಂಗ ಇದ್ದೇ ಇದೆ.

ಬಸ್ಸನ್ನೇ ನಂಬಿದವರಿಗೆ ಈ ಲೆಕ್ಕ ಬೇಕೇ ಬೇಕು. ಹಗಲು ಗಳಿಗೆಯಾದರೆ ಕೋಳಿ ಕೂಗುವಾಗಲೇ ಹೊರಡಿ. ರಾತ್ರಿಯಾದರೆ, ವಾಪಸು ಬರುವ ಬಸ್ಸು ಎಷ್ಟು ಹೊತ್ತಿನ ತನಕ ಉಂಟು ಎಂದು ನಿಲ್ದಾಣದಲ್ಲಿ ಮೊದಲೇ ವಿಚಾರಿಸಿ. ತಲಕಾವೇರಿ 1,276 ಮೀಟರ್ ಎತ್ತರದ ಜಾಗ. ಮಂಜು, ಗಾಳಿ, ಜಿಟಿಜಿಟಿ ಮಳೆ. ಕಂಬಳಿ ಇಲ್ಲದೆ ಮಕ್ಕಳನ್ನು ಕರೆದೊಯ್ದರೆ ಪುಣ್ಯದ ಜತೆ ಜ್ವರವೂ ಬರುತ್ತೆ.

ಮೊದಲು ಇಳಿಯಬೇಕಾದ್ದು ಭಾಗಮಂಡಲದಲ್ಲಿ. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ಸಂಗಮದಲ್ಲಿ ಸ್ನಾನ, ಹಿರಿಯರಿಗೆ ಪಿಂಡ, ಆಮೇಲೆ ಭಗಂಡೇಶ್ವರನ ದರ್ಶನ. ಅಲ್ಲಿಂದ ಬ್ರಹ್ಮಗಿರಿಗೆ ಎಂಟು ಕಿಲೋಮೀಟರ್. ಮಿಂದ ಬಟ್ಟೆಯನ್ನು ಹೊಳೆಗೆ ಬಿಡಬೇಡಿ ಸ್ವಾಮಿ. ಕೆಳಗೆ ಮೈಸೂರು, ಬೆಂಗಳೂರಿನವರೂ ಕುಡಿಯೋದು ಇದೇ ಕಾವೇರಿ ನೀರನ್ನು.

ಮನೆಯಲ್ಲಿ ವಯಸ್ಸಾದವರು ಇದ್ದಾರೆಯೇ? ನೂಕುನುಗ್ಗಲಿಗೆ ಅವರನ್ನು ಎಳೆದು ತರುವ ಅಗತ್ಯವಿಲ್ಲ. ನವೆಂಬರ್ ನಡುವಿನ ಕಿರು ಸಂಕ್ರಮಣದವರೆಗೆ, ಒಂದು ತಿಂಗಳು ಪೂರ್ತಿ, ಭಕ್ತರು ಬರುತ್ತಲೇ ಇರುತ್ತಾರೆ. ಕುಂಡಿಕೆ ಎಲ್ಲಿಗೂ ಓಡಿ ಹೋಗೋದಿಲ್ಲ. ಆದರೆ ಜೋರು ಮುಂಗಾರಿನಲ್ಲಿ ಸಾಹಸ ಬೇಡ. ಸಂಗಮ ಉಕ್ಕಿದರೆ ಭಾಗಮಂಡಲವೇ ನೀರಿನಲ್ಲಿ ನಿಲ್ಲುತ್ತೆ. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಗಳೇ ಮಣ್ಣುಪಾಲಾದವು, ಜೀವಗಳೂ ಹೋದವು. ಬೆಟ್ಟಕ್ಕೆ ಯಾರ ಮುಲಾಜೂ ಇಲ್ಲ.

ಕೊನೆಯ ಮಾತು: ಬಿಗಿ ಮುಚ್ಚಳದ ಬಾಟಲಿಯೊಂದು ಕೈಚೀಲದಲ್ಲಿರಲಿ. ಕೊಡಗಿನ ಮನೆಗಳಲ್ಲಿ ಆ ತೀರ್ಥವನ್ನು ಜೋಪಾನವಾಗಿ ಇಡೋದು, ಪ್ರಾಣ ಹೋಗುವವರ ಬಾಯಿಗೆ ಕೊನೆಯ ಹನಿ ಬಿಡಲಿಕ್ಕೆ. ಬಸ್ಸಿನ ಕುಲುಕಾಟದಲ್ಲಿ ಚೆಲ್ಲಿಕೊಂಡು ಖಾಲಿ ಬಾಟಲಿ ತಂದರೆ, ಬಾಗಿಲಲ್ಲಿ ಕಾದು ಕೂತ ಅಜ್ಜಿಗೆ ಏನು ಹೇಳುತ್ತೀರಿ?