ಪಾತಾಳೇಶ್ವರ ಗುಹೆಯ ಕಾಲನಿರ್ಣಯ: ಕಲ್ಲಿನ ಸಾಕ್ಷ್ಯ, ತಾಮ್ರದ ಸಾಕ್ಷ್ಯ

ಪುಣೆ ಕ್ಯಾಂಪಿನಿಂದ ಮುಠಾ ನದಿಯನ್ನು ದಾಟಿ ಶಿವಾಜಿನಗರದ ಜಂಗಲಿ ಮಹಾರಾಜ ರಸ್ತೆಗೆ ಹೋದರೆ, ವಾಹನಗಳ ಗದ್ದಲದ ಪಕ್ಕದಲ್ಲಿಯೇ ನೆಲಮಟ್ಟಕ್ಕಿಂತ ಕೆಳಗೆ ಕೊರೆದ ಪಾತಾಳೇಶ್ವರ ಗುಹಾಲಯವಿದೆ. ಊರಿನಿಂದ ಬಂಧುಗಳು ಬಂದಾಗ ನಮ್ಮಲ್ಲಿ ಅನೇಕರು ಅವರನ್ನು ಅಲ್ಲಿಗೆ ಕರೆದೊಯ್ದು, ‘ಇದು ನಮ್ಮ ರಾಷ್ಟ್ರಕೂಟರ ಕಾಲದ್ದು’ ಎಂದು ಅಭಿಮಾನದಿಂದ ಹೇಳುತ್ತೇವೆ. ಈ ಮಾತಿಗೆ ಆಧಾರವೇನು ಎಂಬುದನ್ನು ಪರಿಶೀಲಿಸುವುದು ಉಚಿತ.

ಕಾಲವನ್ನು ತಿಳಿಸುವ ಸ್ಥಾಪನಾ ಶಾಸನ ಈ ಗುಹೆಯಲ್ಲಿಲ್ಲ. ಕಲ್ಲಿನ ಪರೀಕ್ಷೆಯಿಂದಲೂ ಪ್ರಯೋಜನವಿಲ್ಲ. ದಖ್ಖನಿನ ಈ ಕಪ್ಪುಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾರಸದಿಂದ ಆದದ್ದು. ಉಳಿಯ ಪೆಟ್ಟು ಅದಕ್ಕೆ ಯಾವಾಗ ಬಿದ್ದಿತೆಂಬುದನ್ನು ಅದು ತಿಳಿಸದು. ಇಂಗಾಲದ ಪರೀಕ್ಷೆಗೆ ಕಟ್ಟಿಗೆ, ಇದ್ದಿಲು, ಮೂಳೆಗಳಂತಹ ಜೈವಿಕ ವಸ್ತು ಬೇಕು.

ಬಾದಾಮಿಯ ಮೂರನೆಯ ಗುಹೆ ಈ ವಿಷಯದಲ್ಲಿ ಭಾಗ್ಯಶಾಲಿ. ಅಲ್ಲಿನ ಮಂಗಳೇಶನ ಶಾಸನ ಶಕವರ್ಷ 500 ಎಂದು ಸ್ಪಷ್ಟವಾಗಿ ನಮೂದಿಸಿದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 578. ಹೀಗೆ ಕಾಲ ಖಚಿತವಾದ ಗುಹೆಗಳೇ ಉಳಿದವುಗಳಿಗೆ ಅಳತೆಗೋಲು.

ಪಾತಾಳೇಶ್ವರದಲ್ಲಿ ವಿದ್ವಾಂಸರು ಮೊದಲು ನೋಡುವುದು ಶಿಲ್ಪಶೈಲಿಯನ್ನು. ಸರಳವಾದ ಚೌಕ ಕಂಬಗಳ ಸಾಲು, ಹಿಂಬದಿಯ ಗೋಡೆಯಲ್ಲಿ ಮೂರು ಗರ್ಭಗೃಹಗಳು, ಅಂಗಳದಲ್ಲಿ ಅಖಂಡ ಶಿಲೆಯ ವೃತ್ತಾಕಾರದ ನಂದಿಮಂಟಪ. ಇಂತಹ ಗಂಭೀರವಾದ ಚೌಕ ಕಂಬಗಳನ್ನು ಎಲ್ಲೋರದ ದಶಾವತಾರ ಗುಹೆಯಲ್ಲಿಯೂ ಕಾಣುತ್ತೇವೆ. ಅಲ್ಲಿ ರಾಷ್ಟ್ರಕೂಟ ದಂತಿದುರ್ಗನ ಶಾಸನವಿದೆ. ಅವನ ನಂತರ ಪಟ್ಟಕ್ಕೆ ಬಂದ ಒಂದನೆಯ ಕೃಷ್ಣನ ಕಾಲದಲ್ಲಿ ಕೈಲಾಸ ದೇಗುಲ ರೂಪುಗೊಂಡಿತು. ಈ ಹೋಲಿಕೆ ನಮ್ಮನ್ನು ಎಂಟನೆಯ ಶತಮಾನಕ್ಕೆ ಒಯ್ಯುತ್ತದೆ.

ಎರಡನೆಯದು ತಾಮ್ರಪಟಗಳ ಸಾಕ್ಷ್ಯ. ಒಂದನೆಯ ಕೃಷ್ಣನ ಕಾಲದ, ಕ್ರಿ.ಶ. 758 ಮತ್ತು 768ರ ದಾನಪತ್ರಗಳಲ್ಲಿ ‘ಪುಣ್ಯ ವಿಷಯ’, ‘ಪೂನಕ ವಿಷಯ’ ಎಂಬ ಹೆಸರುಗಳು ಬರುತ್ತವೆ. ‘ವಿಷಯ’ವೆಂದರೆ ಆಡಳಿತದ ಒಂದು ವಿಭಾಗ. ಪುಣೆ ಪ್ರದೇಶ ಆಗ ರಾಷ್ಟ್ರಕೂಟರ ಅಧೀನದಲ್ಲಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಆದರೆ ಇದು ನಾಡಿನ ಒಡೆತನಕ್ಕೆ ಸಾಕ್ಷಿಯೇ ಹೊರತು ಗುಹೆಯನ್ನು ಕೊರೆಸಿದವರು ಯಾರೆಂಬುದಕ್ಕಲ್ಲ. ಶೈಲಿ ಕಾಲವನ್ನು ಸೂಚಿಸುತ್ತದೆ, ತಾಮ್ರಪಟ ಆ ಕಾಲದ ಅರಸರನ್ನು ತಿಳಿಸುತ್ತದೆ. ಎರಡೂ ಕೂಡಿದಾಗ ‘ಎಂಟನೆಯ ಶತಮಾನ, ರಾಷ್ಟ್ರಕೂಟರ ಆಳ್ವಿಕೆ’ ಎಂಬ ನಿರ್ಣಯಕ್ಕೆ ಬಲ ಬರುತ್ತದೆ. ‘ಇಂಥ ಅರಸನೇ ಮಾಡಿಸಿದ’ ಎನ್ನಲು ಅಷ್ಟು ಸಾಲದು.

ಗುಹೆಯಲ್ಲಿ ನಂತರದವರು ನೆಲೆಸಿದ್ದರಿಂದಲೂ ಅದರ ಹುಟ್ಟಿನ ಕಾಲವನ್ನು ಅಳೆಯಲಾಗದು. ಪಕ್ಕದಲ್ಲಿಯೇ ಇರುವುದು 1890ರಲ್ಲಿ ಸಮಾಧಿಸ್ಥರಾದ ಯೋಗಿ ಜಂಗಲಿ ಮಹಾರಾಜರ ಮಂದಿರ. ಸಾಧುಗಳ ನೆನಪಿಗೂ ಶಿಲ್ಪಿಯ ಉಳಿಗೂ ನಡುವೆ ಸಾವಿರ ವರ್ಷಗಳ ಅಂತರವಿದೆ.

ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡ ನಾಡಿನ ಚರಿತ್ರೆಯನ್ನು ಹೆಚ್ಚಾಗಿ ನಮ್ಮ ಬಾಯಿಂದಲೇ ಕೇಳುತ್ತಾರೆ. ಸಾಕ್ಷ್ಯ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಮಾತ್ರ ಹೇಳಿದರೆ, ಮರಾಠಿ ಗೆಳೆಯರು ಪ್ರಶ್ನಿಸಿದಾಗಲೂ ಅವರು ತಲೆಯೆತ್ತಿ ಉತ್ತರಿಸಬಲ್ಲರು. ಮಾನ್ಯಖೇಟದ ಅರಸರ ಆಳ್ವಿಕೆ ಈ ನದೀತೀರದವರೆಗೂ ಹರಡಿತ್ತೆಂಬ ಸಂಗತಿಯೇ ನಮ್ಮ ಅಭಿಮಾನಕ್ಕೆ ಸಾಕಷ್ಟಾಯಿತು.