ಶ್... ಅಪ್ಪ ಮಲಗಿದ್ದಾರೆ!

ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಓದಲು ಕೂರುವುದು ಪಿಯುಸಿಯಿಂದಲೂ ನನಗೆ ಅಭ್ಯಾಸ. ಎದ್ದ ಕೂಡಲೇ ಒಂದು ಲೋಟ ಬಿಸಿ ಬಿಸಿ ಟೀ ಬೇಕು. ಇಲ್ಲದಿದ್ದರೆ ಪುಸ್ತಕದ ಮೇಲೆಯೇ ತೂಕಡಿಕೆ. ಹೋದ ವರ್ಷ ಸ್ಕಾಲರ್‌ಶಿಪ್ ದುಡ್ಡಿನಲ್ಲಿ ಒಂದು ಎಲೆಕ್ಟ್ರಿಕ್ ಕೆಟಲ್ ಕೊಂಡಾಗ ಆದ ಖುಷಿ ಅಷ್ಟಿಷ್ಟಲ್ಲ. ಸ್ವಿಚ್ ಒತ್ತಿದರೆ ಸಾಕು, ನೀರು ರೆಡಿ.

ಆದರೆ ಆ ಕೆಟಲ್‌ಗೆ ಬಾಯಿ ಜೋರು. ಮೊದಲು ಸುಯ್ ಅನ್ನುತ್ತದೆ, ಆಮೇಲೆ ಗುಂಯ್, ಕೊನೆಗೆ ಪಕ್ಕದಲ್ಲೇ ಲಾರಿ ಏರು ಹತ್ತುತ್ತಿರುವ ಹಾಗೆ ಸದ್ದು. ನೀರು ಕುದಿದ ಮೇಲೆ 'ಟಕ್' ಅಂತ ಸ್ವಿಚ್ ಹಾರುತ್ತದೆ. ಹಗಲಿನಲ್ಲಿ ಇದು ಯಾರ ಕಿವಿಗೂ ಬೀಳುವುದಿಲ್ಲ. ಬೆಳಗಿನ ಜಾವದ ಕಥೆಯೇ ಬೇರೆ.

ನಮ್ಮದು ಬೆಂಗಳೂರಿನಲ್ಲಿ ಒಂದೇ ರೂಮಿನ ಬಾಡಿಗೆ ಮನೆ. ಅಪ್ಪ ರಾತ್ರಿ ಪಾಳಿಯ ಕ್ಯಾಬ್ ಓಡಿಸುತ್ತಾರೆ. ಕೆಲಸ ಮುಗಿಸಿದವರನ್ನೆಲ್ಲ ಅವರವರ ಮನೆ ಸೇರಿಸಿ, ತಾವು ಬಂದು ಮಲಗುವಾಗ ಮೂರು ಗಂಟೆ. ಅಡುಗೆಮನೆ ಗೋಡೆಯ ಆಚೆ ಬದಿಗೇ ಅವರ ತಲೆದಿಂಬು. ಅವರು ಒಂದು ದಿನವೂ ಗೊಣಗಲಿಲ್ಲ. ಹಾಗಾಗಿ ನನಗದು ಹೊಳೆಯಲೂ ಇಲ್ಲ.

ಈ ಸೆಮಿಸ್ಟರಿನ ಇಂಟರ್ನಲ್ಸ್ ಹೊತ್ತಿನಲ್ಲಿ ಒಂದು ದಿನ ಅಪ್ಪ ಮೂರಕ್ಕೆ ಬರಲಿಲ್ಲ, ಐದಕ್ಕೆ ಬಂದರು. ಕಾರು ಡಿವೈಡರ್‌ಗೆ ಸವರಿತ್ತು. ಯಾರಿಗೂ ಏನೂ ಆಗಿರಲಿಲ್ಲ, ಬಂಪರ್ ಮಾತ್ರ ಕಿತ್ತುಬಂದಿತ್ತು. "ಒಂದು ಕ್ಷಣ ಕಣ್ಣು ಹತ್ತಿಬಿಡ್ತು" ಅಂದರು, ಅಷ್ಟೇ. ಅವರು ಕೈಕಾಲು ತೊಳೆಯಲು ಹೋದಾಗ ಅಮ್ಮ ಮೆಲ್ಲಗೆ ಹೇಳಿದಳು: "ನಿನ್ನ ಕೆಟಲ್ ಶುರುವಾದ ಮೇಲೆ ಅವರಿಗೆ ಮತ್ತೆ ನಿದ್ದೆ ಹತ್ತಲ್ಲ ಕಣೇ. ಸುಮ್ನೆ ಕಣ್ಣು ಮುಚ್ಕೊಂಡು ಮಲಗಿರ್ತಾರೆ. ಮಗು ಓದ್ಕೊಳ್ಳಲಿ, ಏನೂ ಹೇಳ್ಬೇಡ ಅಂದಿದ್ರು."

ಎದೆ ಧಸಕ್ಕೆಂದಿತು. ಟೀಯನ್ನೇ ಬಿಟ್ಟುಬಿಡುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ. ಎರಡು ದಿನ ಬಿಟ್ಟೆ, ಎರಡು ದಿನವೂ ಪುಸ್ತಕದ ಮೇಲೆ ಗೊರಕೆ! ಟೀ ಬೇಕು, ಸದ್ದು ಬೇಡ. ಮೂರು ವರ್ಷದಿಂದ ಮೆಕ್ಯಾನಿಕಲ್ ಓದುತ್ತಿದ್ದೇನೆ, ಇಷ್ಟೂ ಆಗದಿದ್ದರೆ ಹೇಗೆ?

ನಾಚಿಕೆಯ ಸಂಗತಿಯೆಂದರೆ, ಇದರ ಉತ್ತರ ನಾನು ಓದುತ್ತಿದ್ದ ಹೀಟ್ ಟ್ರಾನ್ಸ್‌ಫರ್ ಪುಸ್ತಕದಲ್ಲೇ ಇತ್ತು. 1934ರಲ್ಲಿ ಜಪಾನಿನ ನುಕಿಯಾಮ ಎಂಬ ವಿಜ್ಞಾನಿ ನೀರಿನಲ್ಲಿ ಮುಳುಗಿಸಿದ ತಂತಿಯನ್ನು ಕಾಯಿಸಿ, ನೀರು ಕುದಿಯುವ ಹಂತಗಳನ್ನು ಗ್ರಾಫ್‌ನಲ್ಲಿ ತೋರಿಸಿದರು. ಆ ಗ್ರಾಫನ್ನು ಕಣ್ಣು ಮುಚ್ಚಿ ಬರೆಯುವಷ್ಟು ಬಾಯಿಪಾಠ ಮಾಡಿದ್ದೆ. ಅದೇ ಅಧ್ಯಾಯ ದಿನಾ ನನ್ನ ಕೆಟಲ್‌ನಲ್ಲೂ ನಡೆಯುತ್ತಿದೆ ಎನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ.

ಕೆಟಲ್ಲಿನ ತಳ ಬೇಗ ಕಾಯುತ್ತದೆ, ಮೇಲಿನ ನೀರು ಇನ್ನೂ ಅಷ್ಟು ಕಾದಿರುವುದಿಲ್ಲ. ತಳದಲ್ಲಿ ಹುಟ್ಟಿದ ಹಬೆಯ ಗುಳ್ಳೆ ಮೇಲೇಳುತ್ತಲೇ ತಣ್ಣನೆಯ ನೀರು ತಾಗಿ ಪಟ್ಟನೆ ಕುಸಿಯುತ್ತದೆ. ಸಾವಿರಾರು ಗುಳ್ಳೆಗಳು ಹೀಗೆ ಒಟ್ಟಿಗೆ ಕುಸಿಯುವುದೇ ಆ ಗುಂಯ್ ಸದ್ದು. ನೀರೆಲ್ಲ ಪೂರ್ತಿ ಕಾದ ಮೇಲೆ ಗುಳ್ಳೆಗಳು ಕುಸಿಯದೆ ಮೇಲೆ ಬಂದು ಒಡೆಯುತ್ತವೆ. ಆಗ ಉಳಿಯುವುದು ಕೊತಕೊತ ಎನ್ನುವ ಮೆತ್ತನೆಯ ಸದ್ದು ಮಾತ್ರ. ಊರಿನಲ್ಲಿ ಅಜ್ಜಿ ಹಂಡೆ ಒಲೆಗೆ ಸೌದೆ ಹಾಕುತ್ತಾ, "ನೀರು ಮರಳೋಕೆ ಮುಂಚೆನೇ ಕೂಗಾಡೋದು, ಮರಳಿದ ಮೇಲೆ ಸುಮ್ಮನಾಗುತ್ತೆ" ಅನ್ನುತ್ತಿದ್ದಳು. ಯಾವ ಗ್ರಾಫೂ ಇಲ್ಲದೆ ಅವಳಿಗೆ ವಿಷಯ ಗೊತ್ತಿತ್ತು.

ಕಾರಣ ತಿಳಿದ ಮೇಲೆ ಪ್ರಯೋಗ ಶುರು. ಮೊದಲು ಕೆಟಲ್ಲಿನೊಳಗೆ ಇಣುಕಿದೆ. ನಮ್ಮದು ಬೋರ್‌ವೆಲ್ ನೀರು, ತಳದಲ್ಲಿ ಬಿಳಿ ಪದರ ಗಟ್ಟಿಯಾಗಿ ಕೂತಿತ್ತು. ನಿಂಬೆರಸ ಹಿಂಡಿದ ನೀರನ್ನು ಕುದಿಸಿ, ಅರ್ಧ ಗಂಟೆ ಹಾಗೇ ಬಿಟ್ಟು ತೊಳೆದೆ. ತಳ ಪಳಪಳ ಹೊಳೆಯಿತು, ಸದ್ದೂ ಗೊತ್ತಾಗುವಷ್ಟು ತಗ್ಗಿತು.

ಎರಡನೆಯದು ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಹೆಚ್ಚುಕಡಿಮೆ 97 ಡಿಗ್ರಿಗೇ ಕುದಿಯುತ್ತದೆ. ನನ್ನದು 1,500 ವ್ಯಾಟ್ ಕೆಟಲ್. ಒಂದೂವರೆ ಲೀಟರ್ ನೀರು ಕುದಿಯಲು ಕನಿಷ್ಠ ಐದು ನಿಮಿಷ ಬೇಕು, ಅರ್ಧ ಲೀಟರ್‌ಗೆ ಎರಡು ನಿಮಿಷ ಸಾಕು. ನಾನೋ ಒಂದು ಲೋಟ ಟೀಗೆ ದಿನಾ ಕೆಟಲ್ ತುಂಬಾ ನೀರು ಕಾಯಿಸುತ್ತಿದ್ದೆ! ಕೆಟಲ್ಲಿನ ಮೇಲೆ ಗುರುತು ಹಾಕಿದ ಕನಿಷ್ಠ ಮಟ್ಟದಷ್ಟೇ ನೀರು ಹಾಕಿದರೆ ಅರ್ಧಕ್ಕಿಂತ ಹೆಚ್ಚು ಸದ್ದು ಹುಟ್ಟುವುದೇ ಇಲ್ಲ. ಕರೆಂಟೂ ಉಳಿತಾಯ.

ಮೂರನೆಯದೇ ದೊಡ್ಡ ಪತ್ತೆ. ಕೆಟಲ್ ಇಡುತ್ತಿದ್ದದ್ದು ಗೋಡೆಯೊಳಗೆ ಹುಗಿದ ಕಡಪ ಕಲ್ಲಿನ ಮೇಲೆ. ಕೆಟಲ್ಲಿನ ನಡುಕ ಕಲ್ಲಿಗೆ, ಕಲ್ಲಿನಿಂದ ಗೋಡೆಗೆ, ಗೋಡೆಯಿಂದ ನೇರ ಅಪ್ಪನ ತಲೆದಿಂಬಿಗೆ ಹೋಗುತ್ತಿತ್ತು. ಗೋಡೆಗೆ ಕಿವಿಯಿಟ್ಟಾಗ ಗೊತ್ತಾಯಿತು. ಹಳೇ ಮೌಸ್‌ಪ್ಯಾಡ್ ಒಂದರ ಮೇಲೆ ಮರದ ಮಣೆ, ಮಣೆಯ ಮೇಲೆ ಕೆಟಲ್ ಇಟ್ಟೆ. ಗೋಡೆ ತಣ್ಣಗಾಯಿತು. ಸ್ವಿಚ್ ತಾನಾಗಿ ಹಾರುವ ಮುಂಚೆಯೇ ಪ್ಲಗ್ ಪಾಯಿಂಟಿನ ಸ್ವಿಚ್ಚನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಆಫ್ ಮಾಡುವುದನ್ನೂ ಕಲಿತೆ.

ಬೇರೆ ದಾರಿಗಳನ್ನೂ ನೋಡಿದೆ. ಗ್ಯಾಸ್ ಒಲೆಯಲ್ಲಿ ದಪ್ಪ ತಳದ ಪಾತ್ರೆಯಿಟ್ಟು, ಸಣ್ಣ ಬರ್ನರನ್ನು ಸಿಮ್‌ನಲ್ಲಿ ಉರಿಸಿದರೆ ಸದ್ದು ತುಂಬಾ ಕಡಿಮೆ. ಲೈಟರಿನ 'ಟಕ್ ಟಕ್' ಬದಲು ಬೆಂಕಿಕಡ್ಡಿ ಗೀರಬೇಕು. ಮುಚ್ಚಳ ಮುಚ್ಚಿದರೆ ನೀರು ಬೇಗ ಕಾಯುತ್ತದೆ, ಆದರೆ ಕುದಿ ಬಂದಾಗ ತಟತಟ ಕುಣಿಯುತ್ತದೆ. ಆ ಹೊತ್ತಿಗೆ ಕೊಂಚ ಓರೆ ಮಾಡಿದರೆ ಸರಿ. ಗೆಳತಿಯ ಇಂಡಕ್ಷನ್ ಒಲೆ ತಂದು ನೋಡಿದೆ, ಬಟನ್ ಒತ್ತಿದಷ್ಟು ಸಲವೂ 'ಬೀಪ್', ಜೊತೆಗೆ ಫ್ಯಾನ್. ಇನ್ನು ಹಾಸ್ಟೆಲ್ ಗೆಳೆಯರು ಬಕೆಟ್ಟಿಗೆ ಇಳಿಬಿಡುವ ವಾಟರ್ ಹೀಟರ್ ಕಾಯಿಲ್ ಸಹವಾಸವಂತೂ ಬೇಡ. ನಿದ್ದೆಗಣ್ಣಿನಲ್ಲಿ ಸ್ವಿಚ್ ಆರಿಸದೆ ನೀರಿಗೆ ಕೈಯಿಟ್ಟರೆ ಕಥೆ ಅಲ್ಲಿಗೇ ಮುಗಿಯುತ್ತದೆ.

ಕೊನೆಗೆ ಗೆದ್ದದ್ದು ಅಟ್ಟದ ಮೇಲಿದ್ದ ಹಳೇ ಸ್ಟೀಲ್ ಫ್ಲಾಸ್ಕ್. ಸದ್ದಿಲ್ಲದೆ ನೀರು ಕಾಯಿಸುವ ಅತಿ ಸುಲಭ ದಾರಿಯೆಂದರೆ, ಎಲ್ಲರೂ ಎಚ್ಚರವಿರುವಾಗ ಕಾಯಿಸಿಡುವುದು! 1892ರಲ್ಲಿ ಜೇಮ್ಸ್ ಡ್ಯೂವರ್ ಅತಿ ತಣ್ಣನೆಯ ದ್ರವಗಳನ್ನು ಇಡಲೆಂದು ಎರಡು ಗೋಡೆಗಳ ನಡುವೆ ಗಾಳಿಯಿಲ್ಲದ ಪಾತ್ರೆ ಮಾಡಿದರು. ತಣ್ಣನೆಯದನ್ನು ತಣ್ಣಗೆ ಇಡುವ ಪಾತ್ರೆ ಬಿಸಿಯದನ್ನು ಬಿಸಿಯಾಗಿಯೂ ಇಡುತ್ತದಲ್ಲ. ಫ್ಲಾಸ್ಕನ್ನು ಮೊದಲು ಬಿಸಿನೀರಿನಲ್ಲಿ ಗಲಬರಿಸಿ, ಬಳಿಕ ಕುದಿಯುವ ನೀರು ಭರ್ತಿ ತುಂಬಿ ಬಿಗಿ ಮಾಡಬೇಕು. ರಾತ್ರಿ ಹನ್ನೊಂದಕ್ಕೆ ತುಂಬಿಟ್ಟರೆ ನಾಲ್ಕೂವರೆಗೆ ಟೀ ಬ್ಯಾಗ್ ಬಣ್ಣ ಬಿಡುವಷ್ಟು ಬಿಸಿ ಇರುತ್ತದೆ. ಅಮ್ಮ ಮಾಡುವ ಖಡಕ್ ಟೀಗೆ ಸಮವಲ್ಲ, ಆದರೆ ನಿದ್ದೆ ಓಡಿಸಲು ಸಾಕು. ಎರಡನೇ ಲೋಟ ಬೇಕೆನಿಸಿದ ದಿನ ಮಾತ್ರ ಮಣೆ, ಮೌಸ್‌ಪ್ಯಾಡ್, ಕೆಟಲ್.

ಇದಾಗಿ ಎರಡು ವಾರ ಕಳೆದಿರಬೇಕು. ಅಪ್ಪ ಅಮ್ಮನನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದರು: "ಪುಟ್ಟಿ ಬೆಳಗ್ಗೆ ಓದೋದು ಬಿಟ್ಟುಬಿಟ್ಟಳಾ? ಪರೀಕ್ಷೆ ಹತ್ತಿರ ಬಂತು, ಸದ್ದೇ ಇಲ್ಲ." ಅಮ್ಮ ನಗು ತಡೆಯಲಾರದೆ ಫ್ಲಾಸ್ಕ್ ತೋರಿಸಿದಳು. ಅಪ್ಪ ಅದನ್ನು ಎತ್ತಿ ಹಿಂದೆ ಮುಂದೆ ನೋಡಿದರು. "ಚೆನ್ನಾಗಿ ನಿದ್ದೆ ಬರ್ತಿದೆಯಲ್ಲ, ಯಾಕೆ ಅಂದ್ಕೊಂಡಿದ್ದೆ" ಅಂದರು.

ಈಗ ಅವರು ಮೂರು ಗಂಟೆಗೆ ಬಂದಾಗ ಅದೇ ಫ್ಲಾಸ್ಕಿನಿಂದ ಅರ್ಧ ಲೋಟ ಬಿಸಿನೀರು ಬಗ್ಗಿಸಿಕೊಂಡು ಕುಡಿದು ಮಲಗುತ್ತಾರೆ. ನಾಲ್ಕೂವರೆಗೆ ನಾನು ಎದ್ದು ಮೊದಲು ನೋಡುವುದು ಫ್ಲಾಸ್ಕಿನ ಪಕ್ಕವನ್ನೇ. ಅವರ ಲೋಟ ಅಲ್ಲಿ ಬೋರಲಾಗಿದ್ದರೆ ಅಪ್ಪ ಮನೆ ಸೇರಿದ್ದಾರೆ ಎಂದರ್ಥ. ಆಮೇಲೆ ಪುಸ್ತಕ ತೆರೆಯುತ್ತೇನೆ.